ಅಣ್ಣನ ಕೈಯ ತೂಕ

ನಮ್ಮ ಪಾತ್ರೆ ಅಂಗಡಿಯಲ್ಲಿ ತಾಮ್ರದ ಹಂಡೆ ತೂಗುವುದಕ್ಕೆಂದು ಒಂದು ದೊಡ್ಡ ತಕ್ಕಡಿ ಇದೆ. ನಾನು ಅದರ ಮೇಲೆ ಹತ್ತಿ ನಿಂತರೆ ಅಂಗಡಿಯವರೆಲ್ಲ ಮರ್ಯಾದೆಗೆ ಬೀದಿಯ ಕಡೆ ನೋಡುತ್ತಾರೆ. ನೋಡದಿದ್ದರೂ ಮುಳ್ಳು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಪೇಟೆಗೆಲ್ಲ ಗೊತ್ತು. ನಾನು ತಾರಾಮಣಿ, ಅಂಗಡಿ ನಾಗಭೂಷಣನ ತಂಗಿ. ವಯಸ್ಸು ಐವತ್ತರ ಹತ್ತಿರ, ಮದುವೆ ಆಗಿಲ್ಲ. ಕೆಲಸ, ಪಾತ್ರೆಗಳ ಮೇಲೆ ಹೆಸರು ಕೊರೆಯುವುದು. ಈ ಊರಿನಲ್ಲಿ ಮದುವೆಗೋ ನಾಮಕರಣಕ್ಕೋ ಯಾರು ಪಾತ್ರೆ ಕೊಟ್ಟರೂ ಅದರ ಮೇಲಿನ ಅಕ್ಷರ ನನ್ನದು. ಪಾತ್ರೆ ಬೇರೆ ಅಂಗಡಿಗಳಲ್ಲೂ ಸಿಗುತ್ತದೆ, ಆ ಅಕ್ಷರ ಸಿಗುವುದಿಲ್ಲ. ಅದಕ್ಕೇ ಜನ ಸುತ್ತಿ ಬಳಸಿ ನಮ್ಮ ಅಂಗಡಿಗೇ ಬರುತ್ತಾರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ ಎಂದು ಹೇಳುತ್ತಿದ್ದೇನೆ.

ಕೂತಲ್ಲೇ ಕೊರೆದು, ಕೂತಲ್ಲಿಗೇ ಬಂದದ್ದನ್ನು ತಿಂದು ನನ್ನ ಮಂಡಿಗಳು ಸವೆದುಹೋದವು. ಸಕ್ಕರೆ ಕಾಯಿಲೆ ಕರೆಯದೆಯೇ ಬಂದು ಕೂತಿತು. ಮಂಡಿ ಡಾಕ್ಟರು ಹೊರಗಿನಿಂದ ಬಂದ ಹುಡುಗ. ಬಂದ ಹೊಸದರಲ್ಲಿ ನಮ್ಮ ಪದ್ಧತಿ ಕೇಳಿ ನಕ್ಕಿದ್ದನಂತೆ. ಕೈ ಬಿಡಿಸಿಕೊಳ್ಳದೆ ತೂಕ ಇಳಿಸಿದವರೆಲ್ಲ ಮತ್ತೆ ಅಷ್ಟೇ ಗಾತ್ರದಲ್ಲಿ ಬಂದು ಎದುರಿಗೆ ನಿಂತ ಮೇಲೆ ನಗುವುದನ್ನು ಬಿಟ್ಟ. ನನ್ನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಆಪರೇಷನ್ ಮಾಡಬಹುದಮ್ಮ. ಆದ್ರೆ ಮೊದಲು ತೂಕ ಇಳೀಬೇಕು, ಇಳಿದಿದ್ದು ಇಳಿದೇ ಇರ್ಬೇಕು. ಇಲ್ದಿದ್ರೆ ಮುಂದಿನ ವರ್ಷದ ಹೊತ್ಗೆ ನೀವು ಹಾಸಿಗೆ ಬಿಟ್ಟು ಏಳೋದು ಕಷ್ಟ" ಎಂದ. ಆಮೇಲೆ ದನಿ ತಗ್ಗಿಸಿ, "ಯಾರ್ಯಾರ ಕೈ ಬಿಡಿಸ್ಕೋಬೇಕೋ ಬಿಡಿಸ್ಕೊಳ್ಳಿ. ಮೈ ಸಿದ್ಧ ಆಗ್ಲಿ. ಪಥ್ಯ ಆಮೇಲೆ" ಎಂದ.

ಕೈ ಬಿಡಿಸಿಕೊಳ್ಳುವುದು ಎಂದರೆ ನಮ್ಮಲ್ಲಿ ಹೀಗೆ. ಬಡಿಸಿದವರ ಬಲ ಅಂಗೈಗೆ ನಾವು ತಂಬಿಗೆಯಿಂದ ನೀರು ಬಿಡಬೇಕು. ಅವರು ಆ ನೀರನ್ನು ಹಿಡಿದುಕೊಂಡು ಏನು ಬಡಿಸಿದೆ, ಯಾವ ಮನಸ್ಸಿನಿಂದ ಬಡಿಸಿದೆ ಎಂದು ಹೇಳಿ, "ಹೋಗಲಿ" ಎಂದು ಕೈ ಮಗುಚಬೇಕು. ಅವರು ಹೇಳುವಾಗ ನಾವು ಬಾಯಿ ಹಾಕುವಂತಿಲ್ಲ. ಮನಸ್ಸು ಒಳ್ಳೆಯದೇ ಆಗಿರಬೇಕೆಂದಿಲ್ಲ, ಹೇಳಿದ್ದು ನಿಜವಾಗಿದ್ದರೆ ಸಾಕು. ಆ ಕೈಯಿಂದ ಬಂದ ತೂಕ ಪಥ್ಯಕ್ಕೆ ಕರಗಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ಸುಳ್ಳಾಗಿದ್ದರೆ ಉಪವಾಸ ಬಿದ್ದರೂ ಅಷ್ಟಕ್ಕಷ್ಟೂ ಮನೆ ದಾರಿ ಹಿಡಿದ ಎಮ್ಮೆಯ ಹಾಗೆ ವಾಪಸು ಬರುತ್ತದೆ. ಒಂದು ಕೈಯನ್ನು ಮೂರು ಸಲ ಕೇಳಬಹುದು. ಮೂರಕ್ಕೂ ಬಿಡದಿದ್ದರೆ ಅದು ಮೈಗೆ ಹತ್ತಿತು ಎಂದೇ ಲೆಕ್ಕ, ಚಿತೆಯವರೆಗೂ ಜೊತೆಗೇ ಬರುತ್ತದೆ.

ಊರು ಇದಕ್ಕೆ ತಕ್ಕ ಹಾಗೆ ಬದುಕುವುದನ್ನು ಕಲಿತಿದೆ. ಹೋಟೆಲಿನ ಗಲ್ಲಾದಲ್ಲಿ ಕೂತವರು ಚಿಲ್ಲರೆ ಕೊಡುವಾಗಲೇ ಬೆರಳು ಒದ್ದೆ ಮಾಡಿಕೊಂಡು, "ಲಾಭಕ್ಕೆ ಹಾಕಿದ್ದು, ಹೋಗಲಿ" ಎಂದು ಕೊಡವಿಬಿಡುತ್ತಾರೆ. ಹೋಟೆಲಿನ ಊಟ ಮೈಗೆ ಹತ್ತುವುದಿಲ್ಲ ಎಂದು ನಮ್ಮಲ್ಲಿ ಹೇಳುವುದು ಅದಕ್ಕೇ. ಮದುವೆ ಮನೆಯ ಅಡಿಗೆಯವರು ಕೈ ತೊಳೆಯುವ ತೊಟ್ಟಿಯ ಹತ್ತಿರ ಸಾಲಾಗಿ ನಿಂತು "ಕೂಲಿಗೆ ಬಡಿಸಿದ್ದು" ಎನ್ನುತ್ತಾರೆ. ಪುರಸಭೆಯ ಮೆಂಬರೊಬ್ಬ ಗೆದ್ದ ಖುಷಿಗೆ ಇಡೀ ವಾರ್ಡಿಗೆ ಹೋಳಿಗೆ ಊಟ ಹಾಕಿಸಿದ, ತಾನೇ ನಿಂತು ಬಡಿಸಿದ. ಓಟಿಗೆ ಬಡಿಸಿದೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೈಕು ಹಿಡಿದು "ಸೇವೆಗಾಗಿ ಬಡಿಸಿದೆ" ಎಂದ. ಆ ವಾರ್ಡಿನವರು ಇವತ್ತಿಗೂ ಏದುಸಿರು ಬಿಡುತ್ತಾ ಓಡಾಡುತ್ತಾರೆ. ಸಾಯುವವರು ಮನೆಯವರನ್ನೆಲ್ಲ ಕರೆದು ಕೈ ಬಿಟ್ಟೇ ಕಣ್ಣು ಮುಚ್ಚುತ್ತಾರೆ. ನಮ್ಮಮ್ಮ, "ನನಗೆ ಉಳೀದಿದ್ರೂ ಪರವಾಗಿಲ್ಲ ಅಂತ ಬಡಿಸಿದೆ, ಹೋಗಲಿ" ಎಂದಳಂತೆ. ಅಮ್ಮ ಉಣಿಸಿದ್ದು ಒಂದು ಗುಂಜಿಯೂ ನನ್ನ ಮೈ ಮೇಲಿಲ್ಲ.

ಸಣ್ಣ ಕೈಗಳನ್ನೆಲ್ಲ ಮೊದಲು ಮುಗಿಸಿದೆ. ಪಕ್ಕದ ಮನೆಯವರು, ಚಿಕ್ಕಮ್ಮಂದಿರು, ಹಬ್ಬಕ್ಕೆ ಕರೆದವರು. ಕೆಲವರು ನಗುತ್ತಾ, ಕೆಲವರು ನಾಚುತ್ತಾ ಹೇಳಿ ಬಿಟ್ಟರು. ಉಳಿದದ್ದು ಎರಡು ದೊಡ್ಡ ಕೈ: ಅತ್ತಿಗೆಯದು, ಅಣ್ಣನದು. ದೊಡ್ಡ ಕೈಗಳನ್ನು ಒಂದೊಂದಾಗಿ ಬಿಡಿಸಿಕೊಂಡು, ಒಂದರ ತೂಕ ಪೂರ್ತಿ ಇಳಿದ ಮೇಲೆ ಇನ್ನೊಂದಕ್ಕೆ ಹೋಗಬೇಕು. ನನಗೆ ಅತ್ತಿಗೆಯದೇ ಚಿಂತೆ. ನಮ್ಮಿಬ್ಬರಿಗೆ ಎಣ್ಣೆ ಸೀಗೆಕಾಯಿ ಸಂಬಂಧ. ಅವಳು ಅಷ್ಟು ಸುಲಭಕ್ಕೆ ಕೈ ಬಿಡುತ್ತಾಳೆಯೇ ಎಂದುಕೊಂಡು ಅಡಿಗೆಮನೆಯಲ್ಲಿ ಅವಳ ಎದುರು ತಂಬಿಗೆ ಹಿಡಿದು ಕೂತೆ.

ಅತ್ತಿಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೈ ಚಾಚಿದಳು. ನೀರು ಬಿಟ್ಟೆ.

"ಕೇಳಿಸ್ಕೋ" ಎಂದಳು. "ಬೆಳಗಿನ ಉಪ್ಪಿಟ್ಟು ಮಧ್ಯಾಹ್ನ, ಮಧ್ಯಾಹ್ನದ ಅನ್ನ ರಾತ್ರಿ, ಹುಡುಗ್ರು ತಟ್ಟೇಲಿ ಬಿಟ್ಟಿದ್ದು, ಹುಳಿ ಹುಳಿ ಆಗ್ತಾ ಬಂದಿದ್ ಸಾರು, ಎಲ್ಲಾ ನಿನಗೇ ಹಾಕಿದೀನಿ. ಚೆಲ್ಲೋಕೆ ನನಗೆ ಮನಸ್ಸು ಬರ್ತಿರ್ಲಿಲ್ಲ, ಬೇಡ ಅನ್ನೋಕೆ ನಿನಗೆ ಬಾಯಿ ಬರ್ತಿರ್ಲಿಲ್ಲ. ಒಂದು ದಿನಾನೂ ಪ್ರೀತಿಯಿಂದ ಹಾಕಿಲ್ಲ ಕಣೇ. ಬಂದ ಗಂಡುಗಳನ್ನೆಲ್ಲಾ ಒಲ್ಲೆ ಒಲ್ಲೆ ಅಂತ ಇಲ್ಲೇ ಝಾಂಡಾ ಊರಿದ್ದೀಯಲ್ಲ, ಈ ಪೀಡೆ ಯಾವತ್ತು ತೊಲಗತ್ತೋ ಅಂತ ಬೈಕೊಂಡೇ ಹಾಕಿದ್ದು. ಹೋಗಲಿ."

ಕೈ ಮಗುಚಿ, ಸೆರಗಿಗೆ ಒರೆಸಿಕೊಂಡು ಒಗ್ಗರಣೆಗೆ ಸಾಸಿವೆ ಹಾಕಲು ಎದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಯಾವಾಗ ಒಲ್ಲೆ ಅಂದೆ, ಅವರೇ ಅಲ್ಲವೇ ನನ್ನ ಗಾತ್ರ ನೋಡಿ ಒಲ್ಲೆ ಎಂದದ್ದು ಎಂದು ಕೇಳಬೇಕೆನ್ನಿಸಿತು. ಅವಳು ಹೇಳುವಾಗ ಬಾಯಿ ಹಾಕುವಂತಿರಲಿಲ್ಲ, ಹೇಳಿ ಮುಗಿಸಿದ ಮೇಲೆ ಆ ಮುಖ ನೋಡಲು ನನಗೆ ಇಷ್ಟವಿರಲಿಲ್ಲ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಆದರೆ ಇಳಿಯಿತು. ರಾಗಿ ಗಂಜಿ, ನುಗ್ಗೆಸೊಪ್ಪಿನ ಸಾರು, ನೆನೆಸಿದ ಹೆಸರುಕಾಳು, ಬೆಳಗಾಗುತ್ತಲೇ ಕೋಲು ಹಿಡಿದು ಹೈಸ್ಕೂಲು ಮೈದಾನದ ಸುತ್ತ ನಡಿಗೆ. ಮಳೆಗಾಲ ಮುಗಿಯುವ ಹೊತ್ತಿಗೆ ತಕ್ಕಡಿಯ ಮುಳ್ಳು ಕಂಡೂ ಕಾಣದಷ್ಟು ಅಲ್ಲ, ಚೆನ್ನಾಗಿಯೇ ಹಿಂದೆ ಸರಿದಿತ್ತು. ಅಲ್ಲೇ ನಿಂತಿತು. ಅಂಗಡಿಗೆ ಊಟದ ಕ್ಯಾರಿಯರ್ ತಂದ ಅತ್ತಿಗೆ ತಕ್ಕಡಿಯನ್ನು ಬಗ್ಗಿ ನೋಡಿ, "ನಾನು ಸುಳ್ಳಾಡಿದ್ನಾ?" ಎಂದು ಕೇಳಿದಳು. ಬೈಗುಳದಂತೆಯೇ ಕೇಳಿದಳು. ನನಗೆ ಮಾತ್ರ, ಇಷ್ಟು ವರ್ಷದಲ್ಲಿ ಮೊದಲ ಸಲ, ಅವಳ ಮೇಲೆ ಸಿಟ್ಟು ಬರಲಿಲ್ಲ.

ಇನ್ನು ಅಣ್ಣ. ಅಣ್ಣನದು ಕಷ್ಟವೇ ಅಲ್ಲ ಎಂದುಕೊಂಡಿದ್ದೆ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಎತ್ತಿ ಆಡಿಸಿದವನು ಅವನು. ಸಂಜೆ ವಸೂಲಿಗೆ ಹೋದವನು ಬರುವಾಗ ಬೇಕರಿಯ ಪೊಟ್ಟಣವಿಲ್ಲದೆ ಬಂದವನಲ್ಲ. ಬಾದೂಷಾ, ದಂರೋಟು, ಹಾಲುಕೋವಾ, ಒಂದೊಂದು ದಿನ ಒಂದೊಂದು. ನಾನು ಕೊರೆಯುತ್ತಾ ಕೂತಿದ್ದರೆ, "ಕೈ ಮಸಿ ಆಗಿದೆ, ಬಾಯಿ ತೆಗಿ" ಎಂದು ಅವನೇ ತಿನ್ನಿಸುವನು. ಗಿರಾಕಿಗಳು ನೋಡಿ, "ಅಣ್ಣ ಅಂದ್ರೆ ಹೀಗಿರ್ಬೇಕು" ಎನ್ನುವರು. ಆ ಪೊಟ್ಟಣ ಶುರುವಾದ ದಿನ ನನಗೆ ಚೆನ್ನಾಗಿ ನೆನಪಿದೆ. ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಪರಶುರಾಮ್ ಎನ್ನುವವರು ಕ್ರೀಡಾಕೂಟದ ಕಪ್ಪುಗಳ ಮೇಲೆ ಹೆಸರು ಕೊರೆಸಲು ಪ್ರತಿ ವರ್ಷ ಬರುತ್ತಿದ್ದರು. ಒಂದು ವರ್ಷ ನನ್ನನ್ನೂ ಕ್ರೀಡಾಕೂಟಕ್ಕೆ ಕರೆದು, ಎಲ್ಲರೆದುರು ತಾವೇ ಎಲೆಗೆ ಕೇಸರಿಬಾತು ಬಡಿಸಿದರು. ನನಗೂ ಆಸೆ ಹುಟ್ಟಿತ್ತು, ಸುಳ್ಳೇಕೆ. ಅದೇ ವಾರ ಅಣ್ಣ ಮುಖ ಬಾಡಿಸಿಕೊಂಡು ಬಂದು, "ಮೇಷ್ಟ್ರನ್ನ ವಿಚಾರಿಸ್ದೆ ಪುಟ್ಟಿ. ಹುಡುಗಿಗೆ ಸ್ವಲ್ಪ ಮೈ ಜಾಸ್ತಿ ಅಂದ್ರು" ಎಂದ. ಆಗ ನಾನು ಈ ಗಾತ್ರದ ಅರ್ಧವೂ ಇರಲಿಲ್ಲ. ಅತ್ತಾಗ ಸಮಾಧಾನಕ್ಕೆಂದು ಮೊದಲನೆಯ ಪೊಟ್ಟಣ ಬಂತು. ಆಮೇಲೆ ಬಂದ ಒಂದೊಂದು ಗಂಡಿನ ಕಡೆಯವರೂ ಹೀಗೇ ಅಂದರಂತೆ, ಒಂದೊಂದಕ್ಕೂ ಪೊಟ್ಟಣದ ಗಾತ್ರ ಬೆಳೆಯಿತು. ಕಡೆಗೆ ಅವರು ಅಂದದ್ದೇ ನಿಜವಾಯಿತು.

ಮೊದಲನೆಯ ಸಲ ನೀರು ಬಿಟ್ಟಾಗ ಅಣ್ಣನಿಗೆ ಕಣ್ಣೀರೇ ಬಂತು. "ನಿನಗೆ ತಿನ್ನಿಸಿದ್ದನ್ನ ಹೇಳೋದೇನಿದೆ ಪುಟ್ಟಿ? ತಬ್ಬಲಿ ಕೂಸು, ಬಾಯಿಗೆ ಸಿಹಿಯಾದ್ರೂ ಇರ್ಲಿ ಅಂತ ಪ್ರೀತಿಯಿಂದ ತಂದಿದ್ದು. ಹೋಗಲಿ" ಎಂದ. ನಾನೂ ಅತ್ತೆ. ಪಥ್ಯ ಮಾಡಿದೆ, ನಡೆದೆ, ಇಳಿಯಿತು. ಕೋಲಿಲ್ಲದೆ ಅಂಗಡಿಯ ಮೆಟ್ಟಿಲು ಹತ್ತಿದ ದಿನ ಆಪರೇಷನ್ನಿಗೆ ದಿನ ಗೊತ್ತು ಮಾಡಿಕೊಂಡು ಬಂದೆ. ಯುಗಾದಿ ಕಳೆಯುತ್ತಲೇ ಅಷ್ಟೂ ಬಂತು. ಗಂಜಿ ಕುಡಿದೇ ಬಂತು. ರವಿಕೆಗಳನ್ನು ಹೊಲಿಸಿ ಸಣ್ಣ ಮಾಡಿಸಿದ್ದೆ, ಮತ್ತೆ ಬಿಚ್ಚಿಸಿದೆ.

ಯಾರೂ ಅಣ್ಣನನ್ನು ಅನುಮಾನಿಸಲಿಲ್ಲ. ನಾನೂ ಅನುಮಾನಿಸಲಿಲ್ಲ. ಹೇಳುವಾಗ ಏನೋ ತಪ್ಪಿರಬೇಕು, ಬೀದಿ ಬಾಗಿಲಲ್ಲಿ ಕೂತು ಹೇಳಿದ್ದಕ್ಕೆ ಹೀಗಾಗಿರಬೇಕು ಎಂದುಕೊಂಡೆ. ಎರಡನೆಯ ಸಲ ದೇವರ ಮುಂದೆ ಕೂರಿಸಿದೆ. ಅದೇ ಮಾತು ಹೇಳಿದ, ಅದೇ ಕಣ್ಣೀರು. ಮತ್ತೆ ಇಳಿಯಿತು, ಮತ್ತೆ ಬಂತು. ಈ ಸಲ ಮಂಡಿಗಳು ಊದಿಕೊಂಡು ಬಚ್ಚಲಿಗೆ ಹೋಗಲೂ ಅತ್ತಿಗೆಯ ಭುಜ ಬೇಕಾಯಿತು. ಅತ್ತಿಗೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಮಂಡಿಗೆ ತಿಕ್ಕುತ್ತಾ, "ನೀನು ಯಾರದಾದ್ರೂ ಕೈ ಮರೆತಿದ್ದೀಯಾ ನೋಡು" ಎಂದಳು.

ಮರೆತಿರಲಿಲ್ಲ, ಬೇಕೆಂದೇ ಬಿಟ್ಟಿದ್ದೆ. ಮೇಷ್ಟ್ರ ಒಂದು ಸೌಟು ಕೇಸರಿಬಾತು. ಮೈ ಜಾಸ್ತಿ ಎಂದವರ ಎದುರಿಗೆ ಈ ಮೈ ಹೊತ್ತುಕೊಂಡು ಹೋಗಿ ಹೇಗೆ ನಿಲ್ಲುವುದು? ಆದರೂ ಹೊರಟೆ. ಆ ಒಂದು ಸೌಟೇ ಗಂಟು ಬಿದ್ದಿರಲಿ, ಅಣ್ಣನದು ಆಗದಿರಲಿ ಎಂದು ಕಂಡ ದೇವರಿಗೆಲ್ಲ ಕೈ ಮುಗಿಯುತ್ತಾ ಅತ್ತಿಗೆಯ ಜೊತೆ ಆಟೋದಲ್ಲಿ ಹೋದೆ.

ಮೇಷ್ಟ್ರು ರಿಟೈರಾಗಿ ಮೈದಾನದ ಹಿಂದೆಯೇ ಮನೆ ಕಟ್ಟಿಕೊಂಡಿದ್ದರು. ಮೊಮ್ಮಗು ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ವಿಷಯ ಹೇಳಿದಾಗ ಮೊದಲು ನಕ್ಕರು, ತಂಬಿಗೆ ನೋಡಿ ನಗು ನಿಲ್ಲಿಸಿ, ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ಒಮ್ಮೆ ನೋಡಿದರು. ಮೇಷ್ಟ್ರಾಗಿದ್ದವರು, ಪದ್ಧತಿ ಮೀರುವವರಲ್ಲ. ಕೈ ಚಾಚಿದರು.

"ಒಂದು ಸೌಟು ಕೇಸರಿಬಾತು" ಎಂದರು. "ನಿಮ್ಮನ್ನ ಮದುವೆ ಆಗ್ಬೇಕು ಅನ್ನೋ ಆಸೆ ಇಟ್ಕೊಂಡು ಬಡಿಸ್ದೆ. ಮಾರನೇ ದಿನಾನೇ ನಿಮ್ಮಣ್ಣನ್ನ ಕಂಡು ಕೇಳ್ದೆ. ನಮ್ಮ ಹುಡುಗಿಗೆ ಇಷ್ಟ ಇಲ್ಲ, ಯಾರನ್ನೂ ಒಪ್ಪೋದಿಲ್ಲ ಅಂದ್ರು. ಇನ್ನೂ ಎರಡು ಸಲ ಹೋಗಿ ಕೇಳ್ದೆ..."

"ಹೇಳಿದ್ದಾಯ್ತಲ್ಲ, ಇನ್ನು ಹೋಗಲಿ ಅನ್ನಿ" ಎಂದರು ಬಾಗಿಲಲ್ಲಿದ್ದ ಹೆಂಡತಿ.

"ಹೋಗಲಿ" ಎಂದರು ಮೇಷ್ಟ್ರು. ನೀರು ಕೆಳಗಿಟ್ಟಿದ್ದ ತಟ್ಟೆಗೆ ಬಿತ್ತು.

ಆಟೋದಲ್ಲಿ ವಾಪಸು ಬರುವಾಗ ಅತ್ತಿಗೆ ನನ್ನ ಕೈ ಹಿಡಿದುಕೊಂಡೇ ಇದ್ದಳು. "ನನ್ಹತ್ರನೂ ನಿಮ್ಮಣ್ಣ ಹಾಗೇ ಹೇಳಿದ್ರು ಕಣೇ. ನನ್ನ ತಂಗಿ ಒಲ್ಲೆ ಅಂತಾಳೆ, ಏನ್ಮಾಡ್ಲಿ ಅಂತ" ಎಂದಳು. ಅಣ್ಣ ನನಗೆ ಹೇಳಿದ್ದು ಗಂಡಿನ ಕಡೆಯವರು ಒಲ್ಲೆ ಎಂದರೆಂದು. ಅವಳಿಗೂ ಅವರಿಗೂ ಹೇಳಿದ್ದು ನಾನು ಒಲ್ಲೆ ಎಂದೆನೆಂದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಹೊರಟುಹೋಗಿದ್ದರೆ ಅಕ್ಷರ ಹೋಗುತ್ತಿತ್ತು, ಅಕ್ಷರದ ಹಿಂದೆ ಗಿರಾಕಿ ಹೋಗುತ್ತಿದ್ದರು. ಒಂದು ಪೊಟ್ಟಣ ಬಾದೂಷಾಕ್ಕೆ ಎಷ್ಟು ಮಹಾ ಖರ್ಚು? ಕಸಾಯಿಯವನು ಕುರಿಯನ್ನು ಮೇಯಿಸುವುದನ್ನೂ ನೋಡಿದವರು ಪ್ರೀತಿ ಎಂದೇ ಅನ್ನುತ್ತಾರೆ.

ಉಳಿದದ್ದು ಮೂರನೆಯ ಸಲ, ಕೊನೆಯದು. ಮಧ್ಯಾಹ್ನ ಊಟದ ಹೊತ್ತಿಗೆ ಆಳುಗಳನ್ನು ಮನೆಗೆ ಕಳಿಸಿ, ಅಂಗಡಿಯ ಶಟರ್ ಅರ್ಧ ಎಳೆಸಿದೆ. ಅಣ್ಣ ಗಲ್ಲಾದ ಹಿಂದೆ ಕೂತಿದ್ದ. ಅತ್ತಿಗೆ ಹಂಡೆಗಳ ನಡುವೆ ನಿಂತಿದ್ದಳು. ನೀರು ಬಿಟ್ಟ ಮೇಲೆ ನಾನು ಮಾತಾಡುವಂತಿಲ್ಲ, ಆದ್ದರಿಂದ ಮೊದಲೇ ಹೇಳಿದೆ.

"ಅಣ್ಣ, ಮೇಷ್ಟ್ರ ಮನೆಗೆ ಹೋಗಿದ್ದೆ. ನನಗೆಲ್ಲಾ ಗೊತ್ತಾಗಿದೆ. ನಿನ್ನ ಬೈಯೋಕೆ ಬಂದಿಲ್ಲ. ಹೊರಗೆ ಯಾರಿಗೂ ಹೇಳೋದೂ ಇಲ್ಲ, ಈ ಅಂಗಡಿ ಬಿಟ್ಟು ಹೋಗೋ ವಯಸ್ಸೂ ನನ್ನದಲ್ಲ. 'ನೀನು ಹೋದ್ರೆ ಅಂಗಡಿ ಹೋಗತ್ತೆ ಅಂತ ತಂದು ತಿನ್ನಿಸ್ದೆ' ಅಂತ ಒಂದೇ ಒಂದು ಮಾತು ಹೇಳ್ಬಿಡು. ನನ್ನ ಕಾಲು ಉಳಿಯತ್ತೆ."

ಅಣ್ಣನ ಮುಖ ಬಿಳಿಚಿಕೊಂಡಿತು. ಕೈ ಚಾಚಿದ. ನೀರು ಬಿಟ್ಟೆ.

"ಹೇಳ್ರೀ" ಎಂದಳು ಅತ್ತಿಗೆ. "ನಾನು ಹೇಳ್ಲಿಲ್ವಾ? ಹಳಸಿದ್ದು ಹಾಕ್ದೆ ಅಂತ ಬಾಯ್ಬಿಟ್ಟು ಹೇಳಿದೀನಿ. ನನ್ನ ಮಾನ ಏನು ಹೋಯ್ತು?"

ಅಣ್ಣ ಅಂಗೈಯ ನೀರನ್ನು ನೋಡಿದ. ತುಟಿ ಅಲುಗಿತು. ಈಗ ಹೇಳುತ್ತಾನೆ ಎಂದುಕೊಂಡೆ. ನನಗೆ ಅವನ ಮೇಲೆ ಕರುಣೆಯೂ ಬಂತು, ಕ್ಷಮಿಸಿಬಿಟ್ಟೇನು ಎಂದೂ ಅನ್ನಿಸಿತು. ಅವನು ತಲೆ ಎತ್ತಿದಾಗ ಕಣ್ಣು ತುಂಬಿತ್ತು.

"ಯಾರು ಏನೇ ಹೇಳ್ಲಿ ಪುಟ್ಟಿ, ನಾನು ನಿನಗೆ ತಂದಿದ್ದು ಪ್ರೀತಿಯಿಂದ್ಲೇ. ಹೋಗಲಿ."

ನೀರು ಬಿತ್ತು. ಅತ್ತಿಗೆ ಥೂ ಎಂದು ಹೊರಗೆ ಹೋದಳು. ಸುಳ್ಳೆಂದು ತಿಳಿದೇ ಅವನು ಅದನ್ನು ಹೇಳಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅವನು ನಂಬಿಕೊಂಡು ಹೇಳಿದ. ಅಷ್ಟು ವರ್ಷ ಗಿರಾಕಿಗಳ ಬಾಯಲ್ಲಿ ಕೇಳಿ ಕೇಳಿ ಅವನಿಗೆ ಅದೇ ನಿಜವಾಗಿತ್ತು. ತಂಗಿಯ ಕಾಲು ಹೋದರೂ ಚಿಂತೆಯಿಲ್ಲ, ಒಳ್ಳೆಯ ಅಣ್ಣ ಎನ್ನುವುದು ಉಳಿಯಬೇಕು.

ಆದರೂ ಆಸೆ ನೋಡಿ, ಮತ್ತೆ ಗಂಜಿ ಕುಡಿದೆ, ಗೋಡೆ ಹಿಡಿದು ಅಂಗಳದಲ್ಲೇ ನಡೆದೆ. ಇಳಿದದ್ದೆಲ್ಲ ಸಂಕ್ರಾಂತಿಗೆ ಮುಂಚೆಯೇ ತಿರುಗಿ ಬಂತು. ಡಾಕ್ಟರು ಆಸ್ಪತ್ರೆಯ ತಕ್ಕಡಿಯನ್ನು ನೋಡಿದ, ನನ್ನನ್ನು ನೋಡಿದ, "ಮೂರೂ ಆಯ್ತಾ?" ಎಂದು ಕೇಳಿದ. ಆಯಿತು ಎಂದೆ. ನೋವಿಗೆ ಮಾತ್ರೆ ಬರೆದುಕೊಟ್ಟು ಕಳಿಸಿದ. ಈಗ ನನ್ನನ್ನು ಬೆಳಿಗ್ಗೆ ಕುರ್ಚಿಯ ಸಮೇತ ಎತ್ತಿ ಅಂಗಡಿಗೆ ತಂದು ಕೂರಿಸುತ್ತಾರೆ, ಸಂಜೆ ಎತ್ತಿಕೊಂಡು ಹೋಗುತ್ತಾರೆ. ಕೈ ಮಾತ್ರ ಚೆನ್ನಾಗಿದೆ. ಅಕ್ಷರ ಮೊದಲಿಗಿಂತ ಒಂದು ತೂಕ ಹೆಚ್ಚೇ ಚೆಂದ ಬರುತ್ತದೆ ಎನ್ನುತ್ತಾರೆ. ಗಿರಾಕಿಗಳು ಮರುಗಿ ಕೇಳಿದರೆ ಅಣ್ಣ ದನಿ ತಗ್ಗಿಸಿ, "ಏನ್ಮಾಡೋದು, ಮೂರು ಸಲ ಕೈ ಬಿಟ್ಟೆ. ಅವಳಿಗೆ ನಾಲಿಗೆ ಮೇಲೆ ಹಿಡಿತ ಇಲ್ಲ, ಪಾಪ" ಎನ್ನುತ್ತಾನೆ. ಇದನ್ನು ನಾನು ಮೊದಲ ಸಲ ಕೇಳಿಸಿಕೊಂಡ ದಿನವೇ ಒಂದು ಹೊಸ ಸೌಟು ತೆಗೆದುಕೊಂಡು ಅದರ ಹಿಡಿಯ ಮೇಲೆ ನನ್ನ ಹೆಸರು ಕೊರೆದುಕೊಂಡೆ.

ಆವತ್ತು ಮನೆಗೆ ಹೋಗಿ ಅತ್ತಿಗೆಗೆ, "ಇನ್ಮೇಲೆ ಅಣ್ಣನಿಗೆ ನಾನೇ ಬಡಿಸ್ತೀನಿ" ಎಂದೆ. ಅತ್ತಿಗೆ ನನ್ನ ಮುಖ ನೋಡಿದಳು, ಸೌಟು ನೋಡಿದಳು, ತುಪ್ಪದ ಗಿಂಡಿಯನ್ನು ನನ್ನ ಕಡೆ ಸರಿಸಿದಳು. ಊಟದ ಹೊತ್ತಿಗೆ ನನ್ನ ಕುರ್ಚಿಯನ್ನು ಅಣ್ಣನ ಎಲೆಯ ಪಕ್ಕ ಹಾಕುತ್ತಾಳೆ. ಬಿಸಿ ಅನ್ನ, ಮೇಲೆ ತುಪ್ಪ, ಇನ್ನೊಂದು ಸೌಟು, ಸಾಕು ಎಂದರೆ ನನ್ನ ಮೇಲೆ ಆಣೆ ಎಂದು ಮತ್ತೊಂದು. ಅವನು ತರುವ ಪೊಟ್ಟಣವನ್ನು ಬಿಚ್ಚಿ ಅವನ ಬಾಯಿಗೇ ಇಡುತ್ತೇನೆ. ಅಣ್ಣನಿಗೆ ಹಿಡಿಸಲಾರದ ಸಂತೋಷ. "ಎಲ್ಲಾ ಮರೆತುಬಿಟ್ಲು ನೋಡಿ, ಎಷ್ಟು ಪ್ರೀತಿಯಿಂದ ಬಡಿಸ್ತಾಳೆ!" ಎಂದು ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಾನೆ.

ಮೊನ್ನೆ ಅಂಗಡಿಯ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಎದೆ ಒತ್ತಿಕೊಂಡ. ಡಾಕ್ಟರ ಹತ್ತಿರ ಹೋಗಿ ಬಂದನಂತೆ. ತಕ್ಕಡಿಯ ಮೇಲೆ ಅವನು ಹತ್ತಿ ನಿಂತಾಗ ಆಳುಗಳು ಬೀದಿಯ ಕಡೆ ನೋಡಿದರು. ಇವತ್ತಲ್ಲ ನಾಳೆ ಅವನು ತಂಬಿಗೆ ಹಿಡಿದು ನನ್ನ ಕುರ್ಚಿಯ ಮುಂದೆ ಬಂದು ಕೂರುತ್ತಾನೆ. ಅವನು ಮೂರು ಸಲ ಕೇಳಬೇಕಾಗಿಲ್ಲ. ನಾನು ಸುಳ್ಳು ಹೇಳುವವಳಲ್ಲ, ಮೊದಲನೆಯ ಸಲಕ್ಕೇ ಇದ್ದದ್ದು ಇದ್ದ ಹಾಗೆ ಹೇಳಿ ಕೈ ಬಿಡುತ್ತೇನೆ, ಅವನ ತೂಕ ಇಳಿಯುತ್ತದೆ. ನಾನು ಹೇಳುವಷ್ಟು ಹೊತ್ತೂ ಅವನು ಮಾತ್ರ ಬಾಯಿ ಹಾಕುವಂತಿಲ್ಲ.